ನದರು: ಕಣ್ಣು, ಕಿಚ್ಚು, ನೀರು

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಕಡೆಗೆ ಸಂಜೆಯ ಹೊತ್ತಿನಲ್ಲಿ ಹೋದವರು ಈ ದೃಶ್ಯವನ್ನು ಕಂಡಿರಬಹುದು. ಸೂರ್ಯನು ಎರೆಯ ಹೊಲಗಳ ಅಂಚಿಗೆ ಇಳಿದಿರುತ್ತಾನೆ. ಮಸೀದಿಯಲ್ಲಿ ಸಂಜೆಯ ನಮಾಜು ಮುಗಿಯುವ ಸಮಯ. ಬಾಗಿಲ ಹೊರಗೆ ನಾಲ್ಕಾರು ತಾಯಂದಿರು ಕೂಸುಗಳನ್ನೆತ್ತಿಕೊಂಡು ನಿಂತಿರುತ್ತಾರೆ. ಕೆಲವರ ಕೈಯಲ್ಲಿ ನೀರು ತುಂಬಿದ ತಂಬಿಗೆಯೂ ಇರುತ್ತದೆ. ಅವರಲ್ಲಿ ಮುಸಲ್ಮಾನರಿರುವಂತೆ ಲಿಂಗಾಯತರೂ, ಕುರುಬರೂ, ಇತರರೂ ಇರುವುದುಂಟು. ನಮಾಜು ಮುಗಿಸಿ ಹೊರಬಂದ ಹಿರಿಯರ ಮುಂದೆ ತಾಯಿಯೊಬ್ಬಳು ಕೂಸನ್ನು ಹಿಡಿದು, “ಅಜ್ಜಾರ, ಕೂಸಿಗೆ ನದರ ಆಗೇತಿ, ಒಂದೀಟು ಊದ್ರಿ” ಎನ್ನುತ್ತಾಳೆ. ಹಿರಿಯರು ತುಟಿಯಲ್ಲೇ ಕೆಲವು ವಾಕ್ಯಗಳನ್ನು ಪಠಿಸಿ, ಕೂಸಿನ ಮುಖದ ಮೇಲೆ ಮೆಲ್ಲನೆ ಉಸಿರೂದುತ್ತಾರೆ. ತಂಬಿಗೆಯ ನೀರಿಗೂ ಹಾಗೆಯೇ. ಹಣದ ಮಾತಿಲ್ಲ, ಜಾತಿಯ ಮಾತಿಲ್ಲ. ತಾಯಿಯು ಕೂಸಿನ ತಲೆಗೆ ಸೆರಗು ಹೊದಿಸಿ ಮನೆಯ ಹಾದಿ ಹಿಡಿಯುತ್ತಾಳೆ.

ಆಕೆಯ ದುಗುಡವು ಸುಳ್ಳಲ್ಲ. ನಿನ್ನೆ ಆಡುತ್ತಿದ್ದ ಕೂಸು ಇಂದು ಮೊಲೆ ಹಿಡಿಯುತ್ತಿಲ್ಲ, ಅಳು ನಿಲ್ಲುತ್ತಿಲ್ಲ. ಈ ದುಗುಡಕ್ಕೆ ಆಕೆಯ ನಾಡು ಕೊಟ್ಟ ಹೆಸರು ‘ನದರು’. ಈ ಹೆಸರಿನ ಹಿಂದೆ ಇರುವ ನಂಬಿಕೆಯಾದರೂ ಏನು? ಅದು ಎಲ್ಲಿಂದ ಬಂದಿತು? ವಿಜ್ಞಾನವು ಅದನ್ನು ಹೇಗೆ ನೋಡುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಆ ಕೂಸಿನ ಪ್ರಾಣಕ್ಕೂ ಈ ಮಾತಿಗೂ ಏನು ಸಂಬಂಧ? ಇವನ್ನು ನಾವು ಈ ಲೇಖನದಲ್ಲಿ ಒಂದೊಂದಾಗಿ ವಿಚಾರಿಸೋಣ.

ಒಂದು ಮಾತು, ಅನೇಕ ನಾಡು

‘ನದರು’ ಎಂಬುದು ಅರಬ್ಬಿಯ ‘ನಜರ್’ ಶಬ್ದದ ಕನ್ನಡ ರೂಪ. ಮೂಲದಲ್ಲಿ ಅದಕ್ಕೆ ‘ನೋಟ’ ಎಂದಷ್ಟೇ ಅರ್ಥ. ನಮ್ಮ ‘ದೃಷ್ಟಿ’ಗೂ ಮೂಲಾರ್ಥ ಅದೇ. ಎರಡು ದೂರದ ಭಾಷೆಗಳು ‘ನೋಟ’ವೆಂಬ ಸಾದಾ ಮಾತಿಗೆ ‘ಕೇಡು ತರುವ ನೋಟ’ವೆಂಬ ಅರ್ಥವನ್ನು ಕೂಡಿಸಿಕೊಂಡಿರುವುದು ಗಮನಾರ್ಹವಾದುದು. ಗ್ರೀಸಿನಲ್ಲಿ, ಇಟಲಿಯಲ್ಲಿ, ತುರ್ಕಸ್ಥಾನದಲ್ಲಿ, ಈಜಿಪ್ತಿನಲ್ಲಿ, ಮೆಕ್ಸಿಕೊದಲ್ಲಿ ಸಹ ಈ ನಂಬಿಕೆಯುಂಟು. ತುರ್ಕರು ನೀಲಿ ಗಾಜಿನ ಕಣ್ಣುಮಣಿಯನ್ನು ಕಟ್ಟುತ್ತಾರೆ. ನಮ್ಮವರು ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಾರೆ.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದುದು. ಅರಗಿನ ಬಣ್ಣದಿಂದ ಹೊಳೆಯುವ ಆ ತೊಟ್ಟಿಲಿಗೂ ಮನೆಯ ಮುದುಕಿಯು ಒಂದು ಕರಿಯ ದಾರವನ್ನು ಕಟ್ಟದೆ ಬಿಡಲಾರಳು. ಫಸಲು ತುಂಬಿದ ಹೊಲದ ನಡುವೆ ಮಸಿ ಬಳಿದ ಗಡಿಗೆ, ಹೊಸ ಮನೆಯ ಬಾಗಿಲಿಗೆ ಬೂದುಗುಂಬಳ, ಎತ್ತಿನ ಕೊರಳಿಗೆ ಕವಡೆ—ಇವೆಲ್ಲ ಒಂದೇ ಅಂಜಿಕೆಯ ಬೇರೆ ಬೇರೆ ಕುರುಹುಗಳು. ಚೆಲುವಾದುದು, ತುಂಬಿದುದು, ಹೊಸದು, ಎಳೆಯದು: ಇವೇ ನದರಿಗೆ ಸುಲಭವಾಗಿ ಗುರಿಯಾಗುವವು ಎಂದು ಜನರ ತಿಳಿವಳಿಕೆ.

ಧರ್ಮಗ್ರಂಥಗಳಲ್ಲಿ ಅಸೂಯೆ

ಇಸ್ಲಾಮಿನಲ್ಲಿ ಈ ವಿಷಯವು ಮೊದಲು ಬರುವುದು ಅಸೂಯೆಯ ರೂಪದಲ್ಲಿ. ಕುರಾನಿನ ೧೧೩ನೆಯ ಅಧ್ಯಾಯವಾದ ‘ಅಲ್ ಫಲಕ್’ ಐದೇ ವಾಕ್ಯಗಳ ಪ್ರಾರ್ಥನೆ. ಕತ್ತಲೆಯ ಕೇಡು ಮೊದಲಾದವುಗಳಿಂದ ದೇವರ ಆಶ್ರಯವನ್ನು ಬೇಡುತ್ತ, ಕೊನೆಯಲ್ಲಿ ಅಸೂಯೆಪಡುವವನ ಕೇಡಿನಿಂದಲೂ ರಕ್ಷಣೆಯನ್ನು ಅದು ಯಾಚಿಸುತ್ತದೆ. ಇದನ್ನೂ ಇದರ ಮುಂದಿನ ‘ಅನ್ನಾಸ್’ ಅಧ್ಯಾಯವನ್ನೂ ಸೇರಿಸಿ ಆಶ್ರಯ ಬೇಡುವ ಎರಡು ಅಧ್ಯಾಯಗಳೆಂದು ಕರೆಯುತ್ತಾರೆ. ಮಸೀದಿಯ ಬಾಗಿಲಲ್ಲಿ ಹಿರಿಯರು ಪಠಿಸುವುದು ಸಾಮಾನ್ಯವಾಗಿ ಇವನ್ನೇ. ‘ತಾವೀಜು’ ಎಂಬ ಮಾತೂ ‘ಆಶ್ರಯ ಬೇಡುವುದು’ ಎಂಬ ಅರ್ಥದ ಅದೇ ಧಾತುವಿನಿಂದ ಹುಟ್ಟಿದುದು.

೧೨ನೆಯ ಅಧ್ಯಾಯದಲ್ಲಿ ಯಾಕೂಬರು ತಮ್ಮ ಮಕ್ಕಳನ್ನು ಈಜಿಪ್ತಿಗೆ ಕಳುಹುವಾಗ, ಎಲ್ಲರೂ ಒಂದೇ ಬಾಗಿಲಿನಿಂದ ಊರನ್ನು ಹೊಗದೆ ಬೇರೆ ಬೇರೆ ಬಾಗಿಲುಗಳಿಂದ ಹೋಗಿರೆಂದು ಹೇಳುತ್ತಾರೆ. ಚೆಲುವರಾದ ಅಷ್ಟು ಮಂದಿ ಅಣ್ಣತಮ್ಮಂದಿರು ಒಟ್ಟಿಗೆ ಕಾಣಿಸಿಕೊಂಡರೆ ಕಣ್ಣು ತಗಲೀತೆಂಬ ಅಂಜಿಕೆಯೇ ಇದಕ್ಕೆ ಕಾರಣವೆಂದು ಅನೇಕ ವ್ಯಾಖ್ಯಾನಕಾರರು ಬರೆದಿದ್ದಾರೆ. ಕಣ್ಣಿನ ಪ್ರಭಾವವು ನಿಜವೆಂದು ಪೈಗಂಬರರು ಹೇಳಿದರೆಂಬ ಹದೀಸು ಬುಖಾರಿ, ಮುಸ್ಲಿಮ್ ಎಂಬ ಎರಡೂ ಪ್ರಮುಖ ಸಂಗ್ರಹಗಳಲ್ಲಿದೆ. ಆದುದರಿಂದ ಇದು ಬರಿಯ ಹಳ್ಳಿಯ ಮೂಢಭಾವನೆ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿಬಿಡುವುದು ಸರಿಯಾಗದು.

ಇಮಾಮ್ ಮಾಲಿಕರ ‘ಮುವತ್ತಾ’ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಸಹ್ಲ್ ಎಂಬವನು ಸ್ನಾನಕ್ಕೆಂದು ಅಂಗಿ ಕಳಚಿದಾಗ, ಆಮಿರ್ ಎಂಬ ಜತೆಗಾರನು ಅವನ ಮೈಬಣ್ಣವನ್ನು ಬಾಯಿತುಂಬ ಹೊಗಳಿದನು. ಸಹ್ಲ್ ಅಲ್ಲಿಯೇ ಕಾಯಿಲೆ ಬಿದ್ದನು. ಸುದ್ದಿ ತಿಳಿದ ಪೈಗಂಬರರು ಆಮಿರನನ್ನು ಕರೆಯಿಸಿ, ಸೋದರನ ಚೆಲುವನ್ನು ಕಂಡಾಗ ಅವನಿಗೆ ಒಳಿತಾಗಲೆಂದು ಏಕೆ ಹರಸಲಿಲ್ಲವೆಂದು ಆಕ್ಷೇಪಿಸಿದರು. ಅನಂತರ ಆಮಿರನು ಮುಖ, ಕೈ, ಕಾಲುಗಳನ್ನು ತೊಳೆದುಕೊಂಡ ನೀರನ್ನು ಸಹ್ಲನ ಮೇಲೆ ಸುರಿಯಲಾಯಿತು, ಅವನು ಚೇತರಿಸಿಕೊಂಡನು.

ಈ ಕಥೆಯಲ್ಲಿ ಎರಡು ಸಂಗತಿಗಳು ಮನಸ್ಸಿಗೆ ನಾಟುವಂತಿವೆ. ಮೊದಲನೆಯದಾಗಿ, ಆಮಿರನು ವೈರಿಯಲ್ಲ, ಮೆಚ್ಚಿದ ಗೆಳೆಯ. ಎರಡನೆಯದಾಗಿ, ಅವನಿಗೆ ಶಿಕ್ಷೆಯಿಲ್ಲ. ಅವನು ಮಾಡಬೇಕಾದುದು ಮೈತೊಳೆದುಕೊಳ್ಳುವುದು, ಮುಂದೆ ಹರಸಲು ಕಲಿಯುವುದು, ಇಷ್ಟೇ. ಇಂದಿಗೂ ಕೂಸನ್ನು ಕಂಡವರು ‘ಮಾಷಾ ಅಲ್ಲಾ’ ಎನ್ನುವುದರ ಹಿಂದೆ ಈ ಪಾಠವೇ ಇದೆ.

ಕ್ರಿ. ಶ. ೧೧೧೧ರಲ್ಲಿ ತೀರಿಕೊಂಡ ಗಜಾಲಿ ಎಂಬ ಮಹಾವಿದ್ವಾಂಸನು ಅಸೂಯೆಯನ್ನು ಹೃದಯದ ಒಂದು ರೋಗವೆಂದು ಎಣಿಸಿ ವಿವರವಾಗಿ ಚರ್ಚಿಸಿದನು. ಪರರ ಭಾಗ್ಯ ಅಳಿಯಲೆಂದು ಬಯಸುವುದು ‘ಹಸದ್’. ಅವರದು ಅವರಿಗಿರಲಿ, ನನಗೂ ಅಂಥದು ದೊರೆಯಲಿ ಎಂಬುದು ‘ಗಿಬ್ತಾ’. ಮೊದಲನೆಯದು ದೋಷ, ಎರಡನೆಯದು ದೋಷವಲ್ಲ. ಹಸದಿಗೆ ಅವನು ಹೇಳಿದ ಮದ್ದೂ ಸೊಗಸಾಗಿದೆ: ಅಸೂಯೆಯಿಂದ ಬೇಯುವವನು ತಾನೇ ಎಂಬುದನ್ನು ತಿಳಿದುಕೊಳ್ಳುವುದು, ಮತ್ತು ಯಾರ ಮೇಲೆ ಅಸೂಯೆಯಿದೆಯೋ ಅವರನ್ನೇ ಹೊಗಳಿ ಅವರಿಗೆ ಉಪಕಾರ ಮಾಡುವುದು.

ನಮ್ಮ ಹಳ್ಳಿಗಳ ಚಿಕಿತ್ಸೆ

ಶಾಸ್ತ್ರದ ಮಾತು ಹೀಗಾದರೆ, ರೂಢಿಯ ಮಾತು ಇನ್ನೂ ವಿಸ್ತಾರವಾದುದು. ದಖ್ಖಣದ ಮುಸಲ್ಮಾನರ ಆಚಾರಗಳನ್ನು ಕುರಿತು ಜಾಫರ್ ಷರೀಫ್ ಎಂಬವರು ಬರೆದ ‘ಕಾನೂನ್-ಎ-ಇಸ್ಲಾಮ್’ ಗ್ರಂಥವು ಹೆರ್ಕ್ಲಾಟ್ಸ್ ಎಂಬ ವೈದ್ಯನ ಅನುವಾದದಲ್ಲಿ ೧೮೩೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತಾವೀಜು, ಯಂತ್ರ, ಭೂತ ಬಿಡಿಸುವಿಕೆಗಳಿಗೆ ಅದರಲ್ಲಿ ಪ್ರತ್ಯೇಕ ಪ್ರಕರಣಗಳೇ ಇವೆ. ಅಂಥ ಪದ್ಧತಿಗಳಲ್ಲಿ ಹಲವು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದುಬಂದಿವೆ. ಪಠಿಸಿ ಊದುವುದು, ಪಠಿಸಿದ ನೀರನ್ನು ಕುಡಿಸುವುದು, ಪಿಂಗಾಣಿಯ ತಟ್ಟೆಯ ಮೇಲೆ ಕೇಸರಿಯಿಂದ ವಾಕ್ಯಗಳನ್ನು ಬರೆದು ತೊಳೆದ ನೀರನ್ನು ಕೊಡುವುದು, ಲೋಬಾನದ ಹೊಗೆ ಹಾಕುವುದು, ನವಿಲುಗರಿಯ ಕುಂಚದಿಂದ ಮೈ ಸವರುವುದು, ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚುವುದು—ಹೀಗೆ ಪಟ್ಟಿ ಬೆಳೆಯುತ್ತದೆ.

ನವಲಗುಂದದ ಬಳಿಯ ಯಮನೂರು, ಬೆಣ್ಣಿಹಳ್ಳದ ದಂಡೆಯ ಊರು. ಅಲ್ಲಿಯ ಸಂತರು ಮುಸಲ್ಮಾನರಿಗೆ ‘ರಾಜಾಬಾಗಸವಾರ’ರು, ‘ಹುಲಿಯ ಮೇಲೆ ಸವಾರಿ ಮಾಡಿದವರು’ ಎಂದು ಆ ಹೆಸರಿನ ಅರ್ಥ. ಹಿಂದೂಗಳಿಗೆ ಅವರೇ ಚಾಂಗದೇವರು. ಉರುಸಿನ ಕಾಲದಲ್ಲಿ ಎರಡೂ ಮತದ ಜನರು ಅಲ್ಲಿ ನೆರೆದು, ಮೈಮೇಲಿನ ರೋಗಗಳು ವಾಸಿಯಾಗುವುವೆಂಬ ನಂಬಿಕೆಯಿಂದ ಹಳ್ಳದ ನೀರಿನಲ್ಲಿ ಮಿಂದೇಳುತ್ತಾರೆ. ಶಿಶುನಾಳದ ಷರೀಫರಿಗೆ (೧೮೧೯–೧೮೮೯) ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರು ಗುರುವಾದ ನಾಡು ಇದು. ರೋಗ ಬಂದಾಗ ಬಾಗಿಲು ಯಾರದೆಂದು ಕೇಳುವ ರೂಢಿ ಇಲ್ಲಿಯ ಜನರಿಗಿಲ್ಲ.

ಆದರೂ ಈ ರೂಢಿಗಳೆಲ್ಲ ಧರ್ಮಸಮ್ಮತವೆಂದು ತಿಳಿಯಬಾರದು. ದೇವರ ಹೆಸರಿನಲ್ಲಿ ಪಠಿಸಿ ಹರಸುವುದಕ್ಕೆ ಬಹುಮಂದಿ ಉಲೇಮಾಗಳ ಒಪ್ಪಿಗೆಯುಂಟು. ತಾವೀಜಿನ ವಿಷಯದಲ್ಲಿ ಅವರಲ್ಲೇ ಭಿನ್ನಾಭಿಪ್ರಾಯವಿದೆ: ಕುರಾನಿನ ವಾಕ್ಯವಿದ್ದರೆ ಅಡ್ಡಿಯಿಲ್ಲವೆಂದು ಕೆಲವರು, ದಾರಕ್ಕೂ ತಗಡಿಗೂ ದೇವರ ಶಕ್ತಿಯನ್ನು ಆರೋಪಿಸಿದಂತಾಗುವುದರಿಂದ ಕೂಡದೆಂದು ಕೆಲವರು.

ಕಣ್ಣಿನಿಂದ ಏನು ಹೊರಡುತ್ತದೆ?

ಈಗ ವಿಜ್ಞಾನದ ಪ್ರಶ್ನೆಗೆ ಬರೋಣ. ನೋಟವು ಕೇಡು ಮಾಡಬೇಕಾದರೆ ನೋಡುವವನ ಕಣ್ಣಿನಿಂದ ಏನಾದರೂ ಹೊರಟು ಎದುರಿನವನನ್ನು ಮುಟ್ಟಬೇಕಷ್ಟೆ. ಹಾಗೆ ಏನಾದರೂ ಹೊರಡುತ್ತದೆಯೇ?

ಹೊರಡುತ್ತದೆಂದು ಪ್ರಾಚೀನ ಗ್ರೀಕರಲ್ಲಿ ಅನೇಕರು ನಂಬಿದ್ದರು. ಜ್ಯಾಮಿತಿಯ ಯೂಕ್ಲಿಡನು ಸಹ ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ತಾಕುವುದರಿಂದಲೇ ನಮಗೆ ಅದು ಕಾಣುತ್ತದೆಂದು ಭಾವಿಸಿ ದೃಷ್ಟಿಶಾಸ್ತ್ರವನ್ನು ರಚಿಸಿದನು. ಈ ಮತವನ್ನು ಬುಡಸಮೇತ ಅಲುಗಿಸಿದವನು ಮುಸಲ್ಮಾನ ವಿಜ್ಞಾನಿಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. ಅವನೇ ಬಸ್ರಾದಲ್ಲಿ ೯೬೫ರ ಸುಮಾರಿಗೆ ಹುಟ್ಟಿ ಕೈರೋದಲ್ಲಿ ೧೦೪೦ರ ಸುಮಾರಿಗೆ ತೀರಿಕೊಂಡ ಇಬ್ನ್ ಅಲ್ ಹೈತಮ್. ‘ಕಿತಾಬ್ ಅಲ್ ಮನಾಜಿರ್’ ಎಂಬ ತನ್ನ ಗ್ರಂಥದಲ್ಲಿ ಅವನು ಸರಳವಾದ ಅನುಭವದಿಂದಲೇ ಹೊರಟನು. ಪ್ರಖರವಾದ ಬೆಳಕನ್ನು ದಿಟ್ಟಿಸಿದರೆ ಕಣ್ಣಿಗೆ ನೋವಾಗುತ್ತದೆ. ಕಣ್ಣು ಮುಚ್ಚಿದ ಮೇಲೂ ಆ ಬೆಳಕಿನ ಛಾಯೆ ಉಳಿಯುತ್ತದೆ. ಹಾಗಾದರೆ ಬೆಳಕು ಕಣ್ಣಿನ ಮೇಲೆ ಕಾರ್ಯ ಮಾಡುತ್ತದೆಯೇ ಹೊರತು ಕಣ್ಣು ವಸ್ತುವಿನ ಮೇಲೆ ಅಲ್ಲ. ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಹೊಗುವುದೇ ನೋಟ. ಕಣ್ಣು ಬಿಲ್ಲಲ್ಲ, ಬಾಗಿಲು.

ನದರನ್ನು ನಂಬಿದ ಪಂಡಿತರು ಇದರಿಂದ ಸುಮ್ಮನಾಗಲಿಲ್ಲ. ಇಬ್ನ್ ಸೀನಾ (೯೮೦–೧೦೩೭) ಕಿರಣದ ಮತವನ್ನು ತಳ್ಳಿಹಾಕಿದರೂ, ಕೆಲವರ ಆತ್ಮಕ್ಕೆ ಇತರರ ದೇಹದ ಮೇಲೆ ಪ್ರಭಾವ ಬೀರುವ ಶಕ್ತಿಯುಂಟೆಂದು ನದರನ್ನು ಸಮರ್ಥಿಸಿದನು. ಇತಿಹಾಸಕಾರ ಇಬ್ನ್ ಖಲ್ದೂನನು (೧೩೩೨–೧೪೦೬) ಅದು ಹುಟ್ಟುಗುಣ, ಇಚ್ಛೆಯಿಂದ ಮಾಡುವುದಲ್ಲ. ಆದುದರಿಂದ ಮಾಟಗಾರನಿಗೆ ವಿಧಿಸುವ ಮರಣದಂಡನೆಯನ್ನು ಕಣ್ಣು ತಗಲಿಸಿದವನಿಗೆ ವಿಧಿಸಲಾಗದು ಎಂದನು.

ಇಂದು ನಮಗೆ ತಿಳಿದಿರುವುದಿಷ್ಟು: ಬೆಚ್ಚಗಿರುವ ಎಲ್ಲ ವಸ್ತುಗಳಂತೆ ಕಣ್ಣಿನಿಂದಲೂ ಕಾಣದ ಶಾಖಕಿರಣಗಳು ಅತ್ಯಲ್ಪವಾಗಿ ಹೊರಡುತ್ತವೆ, ಆದರೆ ಕೆನ್ನೆಯಿಂದಲೂ ಅಂಗೈಯಿಂದಲೂ ಹಾಗೆಯೇ ಹೊರಡುತ್ತವೆ. ಅದರಲ್ಲಿ ಮೆಚ್ಚಿಕೆ, ಹೊಟ್ಟೆಕಿಚ್ಚುಗಳ ಭೇದವಿಲ್ಲ. ಬೆನ್ನ ಹಿಂದೆ ಯಾರೋ ದಿಟ್ಟಿಸುವುದು ತಮಗೆ ತಿಳಿಯುತ್ತದೆಂದು ವಿದ್ಯಾರ್ಥಿಗಳು ಹೇಳಿದಾಗ, ಟಿಚನರ್ ಎಂಬ ಮನಶ್ಶಾಸ್ತ್ರಜ್ಞನು ಪ್ರಯೋಗಗಳನ್ನು ನಡೆಸಿ, ಅಂಥ ಶಕ್ತಿಯು ಕಂಡುಬರಲಿಲ್ಲವೆಂದು ೧೮೯೮ರಲ್ಲಿ ವರದಿ ಮಾಡಿದನು. ಅವನ ವಿವರಣೆಯು ಹೀಗಿದೆ: ಮುಂದೆ ಕುಳಿತವನು ಚಡಪಡಿಸಿ ತಿರುಗುತ್ತಾನೆ, ಆ ಚಲನೆಯೇ ಹಿಂದಿನವನ ನೋಟವನ್ನು ಸೆಳೆಯುತ್ತದೆ, ಕಣ್ಣಿಗೆ ಕಣ್ಣು ಕೂಡುತ್ತದೆ. ಕಾರ್ಯವನ್ನೇ ಕಾರಣವೆಂದು ಇಬ್ಬರೂ ಬಗೆಯುತ್ತಾರೆ.

ಮೆಣಸಿನಕಾಯಿಯ ಸಾಕ್ಷಿ

“ಆದರೆ ಮೆಣಸಿನಕಾಯಿಯ ಪರೀಕ್ಷೆ ಸುಳ್ಳಾಗುವುದೆಂತು?” ಎಂದು ವಾಚಕರು ಕೇಳಬಹುದು. ಇದು ಕುರಾನಿನಲ್ಲಾಗಲಿ ಹದೀಸಿನಲ್ಲಾಗಲಿ ಇಲ್ಲದ ನಾಡಿನ ರೂಢಿ. ಹಿಂದೂ ಮನೆಯಲ್ಲಿಯೂ ಮುಸಲ್ಮಾನ ಮನೆಯಲ್ಲಿಯೂ ನಡೆಯುವುದು. ಒಣ ಮೆಣಸಿನಕಾಯಿ, ಉಪ್ಪು, ಸಾಸಿವೆಗಳನ್ನು ಕೂಸಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಎದ್ದು ಕೆಮ್ಮು ಬಂದರೆ ನದರಿಲ್ಲ. ಘಾಟೇ ಬಾರದಿದ್ದರೆ ನದರಾಗಿದೆ. ಉಪ್ಪು ಚಟಪಟ ಸಿಡಿದರೆ ನದರು ಸಿಡಿಯಿತೆಂದು ಲೆಕ್ಕ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ನಮ್ಮ ನರಗಳ ತುದಿಯಲ್ಲಿ ಸುಡುಬಿಸಿಯನ್ನು ಗುರುತಿಸುವ ಒಂದು ಪ್ರೋಟೀನಿದೆ. ಸುಮಾರು ೪೩ ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚಿನ ಶಾಖಕ್ಕೆ ಅದು ಎಚ್ಚರಗೊಳ್ಳುತ್ತದೆ. ಕ್ಯಾಪ್ಸೈಸಿನ್ ಅದೇ ಪ್ರೋಟೀನನ್ನು ಎಚ್ಚರಿಸುವುದರಿಂದಲೇ ಖಾರವು ‘ಉರಿ’ಯಾಗಿ ತೋರುವುದು. ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಇದನ್ನು ೧೯೯೭ರಲ್ಲಿ ಪ್ರಕಟಿಸಿದರು. ೨೦೨೧ರಲ್ಲಿ ಜೂಲಿಯಸರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಕೆಂಡದ ಮೇಲೆ ಮೆಣಸಿನಕಾಯಿಯು ಮೆಲ್ಲನೆ ಕಮರಿದರೆ ಈ ವಸ್ತುವು ಹೊಗೆಯೊಡನೆ ಮೂಗು ಗಂಟಲುಗಳಿಗೆ ಬಂದು ಕೆಮ್ಮಿಸುತ್ತದೆ. ಉರಿಯು ಜೋರಾಗಿದ್ದರೆ ಬಹುಭಾಗ ಸುಟ್ಟುಹೋಗುತ್ತದೆ, ಅಥವಾ ಬಿಸಿಗಾಳಿಯೊಡನೆ ಮೇಲೇರಿ ಹೊರಟುಹೋಗುತ್ತದೆ. ಘಾಟು ಏಳುವುದೂ ಏಳದಿರುವುದೂ ಒಲೆಯ ಉರಿಯನ್ನು, ಗಾಳಿಯ ದಿಕ್ಕನ್ನು, ಕಾಯಿಯ ಜಾತಿಯನ್ನು ಅವಲಂಬಿಸಿವೆ.

ಕಾಯಿಯ ಜಾತಿ ಎಂದೆವಷ್ಟೆ. ಕುಂದಗೋಳದ ಸುತ್ತ ಬೆಳೆಯುವುದು ಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿ. ಅದು ಹೆಸರಾಗಿರುವುದು ಕೆಂಪು ಬಣ್ಣಕ್ಕೆ, ಖಾರಕ್ಕಲ್ಲ. ಗುಂಟೂರಿನ ಕಾಯಿಗಿಂತ ಅದರಲ್ಲಿ ಕ್ಯಾಪ್ಸೈಸಿನ್ ಬಹಳ ಕಡಿಮೆ. ಅಂಥ ಕಾಯಿಯಿಂದ ಪರೀಕ್ಷೆ ಮಾಡಿದರೆ ನದರು ಸಿಕ್ಕಿಬೀಳುವ ಸಂದರ್ಭಗಳೇ ಹೆಚ್ಚಾಗುವುದರಲ್ಲಿ ಆಶ್ಚರ್ಯವೇನಿದೆ? ಉಪ್ಪು ಸಿಡಿಯುವುದೂ ಹೀಗೆಯೇ: ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಹರಳನ್ನು ಒಡೆದುಕೊಂಡು ಹೊರಬರುವುದೇ ಆ ಸಪ್ಪಳ.

ಈ ವಿಷಯವನ್ನು ವಿದ್ಯಾರ್ಥಿಗಳು ಅಧ್ಯಾಪಕರ ಸಮಕ್ಷಮದಲ್ಲಿ ಬಯಲಿನಲ್ಲಿ ಪರೀಕ್ಷಿಸಬಹುದು. ಒಂದೇ ಜಾತಿಯ, ಒಂದೇ ತೂಕದ ಕಾಯಿಗಳ ಇಪ್ಪತ್ತು ಪೊಟ್ಟಣಗಳನ್ನು ಮಾಡಿ. ಹತ್ತನ್ನು ಒಬ್ಬರಿಗೆ ನಿವಾಳಿಸಿ, ಹತ್ತನ್ನು ಒಂದು ಕಲ್ಲುಕಂಬಕ್ಕೆ ನಿವಾಳಿಸಿ. ಯಾವುದು ಯಾವುದೆಂದು ತಿಳಿಯದ ಮೂರನೆಯವರು ಒಂದೇ ಬಗೆಯ ಕೆಂಡಕ್ಕೆ ಹಾಕಲಿ. ನಾಲ್ಕನೆಯವರು ದೂರದಿಂದ ಘಾಟನ್ನು ಬರೆದಿಡಲಿ. ಕೊನೆಗೆ ಲೆಕ್ಕ ಹೊಂದಿಸಿ ನೋಡಿ. ಎಳೆಯ ಮಕ್ಕಳೂ ಉಬ್ಬಸದವರೂ ಹತ್ತಿರ ಇರಕೂಡದು. ಆ ಹೊಗೆ ಅವರಿಗೆ ನಿಜವಾಗಿಯೂ ಅಪಾಯಕರ.

ಹಾಗಾದರೆ ಗುಣವಾಗುವುದೇಕೆ?

ಊದಿಸಿದ ಮೇಲೆ ಕೂಸು ಗೆಲುವಾದುದನ್ನು ತಾಯಿಯು ಕಣ್ಣಾರೆ ಕಂಡಿದ್ದಾಳೆ. ಅದು ಸುಳ್ಳಲ್ಲ. ಆದರೆ ‘ಆದ ಮೇಲೆ’ ಎಂಬುದು ಬೇರೆ, ‘ಆದುದರಿಂದ’ ಎಂಬುದು ಬೇರೆ. ಎಳೆಗೂಸುಗಳ ಕಾರಣವಿಲ್ಲದ ಅಳುವು ಸುಮಾರು ಆರನೆಯ ವಾರದಲ್ಲಿ ಅತಿಯಾಗಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅದೂ ಹೆಚ್ಚುವುದು ಇಳಿಹೊತ್ತು ಮತ್ತು ಸಂಜೆಯಲ್ಲಿ. ಮಸೀದಿಯ ಬಾಗಿಲಲ್ಲಿ ತಾಯಂದಿರು ನಿಲ್ಲುವುದೂ ಆ ಹೊತ್ತಿನಲ್ಲಿಯೇ. ರಾತ್ರಿಯಾಗುತ್ತಲೇ ಕೂಸು ಮಲಗುತ್ತದೆ. ನೆಗಡಿ, ಸಣ್ಣ ಜ್ವರ, ಸಾಧಾರಣ ಭೇದಿಗಳು ಕೆಲವು ದಿನಗಳಲ್ಲಿ ತಾವಾಗಿ ಹೋಗುತ್ತವೆ. ನಾವು ಚಿಕಿತ್ಸೆಗೆ ಓಡುವುದು ರೋಗವು ಶಿಖರಕ್ಕೇರಿದಾಗ. ಶಿಖರದ ಮುಂದೆ ಇಳಿಜಾರೇ ಇರುವುದು ಸಹಜ.

ಇದರ ಜೊತೆಗೆ, ಹಿರಿಯರ ಹರಕೆಯಿಂದ ತಾಯಿಯ ಮನಸ್ಸು ಹಗುರಾಗುತ್ತದೆ. ಹಗುರಾದ ತಾಯಿಯ ಮಡಿಲಲ್ಲಿ ಕೂಸೂ ಶಾಂತವಾಗುತ್ತದೆ. ದೊಡ್ಡವರಲ್ಲಿ ನಂಬಿಕೆಯು ನೋವನ್ನು ತಗ್ಗಿಸುವುದೂ ಉಂಟು, ಅಂಜಿಕೆಯು ರೋಗವನ್ನು ಕಲ್ಪಿಸುವುದೂ ಉಂಟು. ಗುಣವಾದ ಕಥೆಯನ್ನು ಊರೆಲ್ಲ ಹೇಳುತ್ತದೆ; ಗುಣವಾಗದುದನ್ನು ಹಣೆಬರಹವೆಂದು ಮರೆಯುತ್ತದೆ. ಹೀಗೆ ನೆನಪಿನ ತಕ್ಕಡಿಯು ಒಂದು ಕಡೆಗೇ ವಾಲುತ್ತದೆ.

ಹೊಟ್ಟೆಯ ಕಿಚ್ಚು

ಕಣ್ಣಿನಲ್ಲಿ ಶಕ್ತಿಯಿಲ್ಲವಾದರೂ ಅಸೂಯೆ ಮಾತ್ರ ನಿಜವಾದುದು. ಬೆಂಕಿಯು ಸೌದೆಯನ್ನು ತಿನ್ನುವಂತೆ ಅಸೂಯೆಯು ಪುಣ್ಯವನ್ನು ತಿನ್ನುತ್ತದೆಂಬ ಭಾವದ ಹದೀಸೊಂದುಂಟು; ನಾವು ಅದನ್ನು ಹೊಟ್ಟೆಯ ಕಿಚ್ಚು ಎಂದೆವು. ಎರಡೂ ಕಡೆ ಉರಿಯೇ. ೨೦೦೯ರಲ್ಲಿ ಜಪಾನಿನ ತಕಾಹಾಶಿ ಮತ್ತು ಸಂಗಡಿಗರು ಮೆದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ತನ್ನಂಥವನೇ ತನಗಿಂತ ಮೇಲಾದುದನ್ನು ಓದಿದವರಲ್ಲಿ ನೋವಿಗೆ ಸಂಬಂಧಪಟ್ಟ ಒಂದು ಭಾಗವು ಚುರುಕಾಯಿತು. ಅವನಿಗೆ ಕೇಡಾದುದನ್ನು ಓದಿದಾಗ ಸುಖಕ್ಕೆ ಸಂಬಂಧಪಟ್ಟ ಭಾಗವು ಚುರುಕಾಯಿತು.

ಹಳ್ಳಿಗಳಲ್ಲಿ ಇದು ಹೆಚ್ಚೇಕೆ? ಮಾನವಶಾಸ್ತ್ರಜ್ಞ ಜಾರ್ಜ್ ಫಾಸ್ಟರ್ ಮೆಕ್ಸಿಕೊದ ಹಳ್ಳಿಯನ್ನು ಅಭ್ಯಸಿಸಿ ೧೯೬೫ರಲ್ಲಿ ಒಂದು ವಿಚಾರವನ್ನು ಮಂಡಿಸಿದನು. ಹೊಲ, ನೀರು, ಹಣ, ಆರೋಗ್ಯ ಎಲ್ಲವೂ ಊರಿನಲ್ಲಿ ಇಷ್ಟೇ ಇರುವುದು ಎಂದು ಜನರು ಭಾವಿಸಿದಾಗ, ಒಬ್ಬನ ಹೆಚ್ಚಳವು ಮತ್ತೊಬ್ಬನ ಕೊರತೆಯಾಗಿ ಕಾಣುತ್ತದೆ. ಮಳೆಯನ್ನೇ ನಂಬಿದ ಎರೆಹೊಲದ ನಾಡಿಗೂ ಈ ಮಾತು ಸಲ್ಲುತ್ತದೆ. ಒಬ್ಬನ ಹೊಲಕ್ಕೆ ಮಳೆ ಬಿದ್ದು ಬದಿಯವನ ಹೊಲ ಒಣಗಿದಾಗ, ತುಂಬಿದ ಹೊಲದವನು ಅಂಜುವುದು ಸಹಜ. ಅಸೂಯೆಯ ಅಂಜಿಕೆಗೆ ಒಳ್ಳೆಯ ಫಲವೂ ಉಂಟು. ವಾನ್ ಡೆ ವೆನ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಡುಕಿನ ಅಸೂಯೆಗೆ ಗುರಿಯಾಗುವೆವೆಂದು ಅಂಜಿದವರು ಅಸೂಯೆಪಡಬಹುದಾದವರಿಗೆ ಹೆಚ್ಚು ನೆರವಾದರು. ಓದಿಸಿದ ಸಕ್ಕರೆಯನ್ನು ಓಣಿಗೆಲ್ಲ ಹಂಚುವ ರೂಢಿಯಲ್ಲಿ ಈ ಜಾಣತನವು ಅಡಗಿದೆ.

ಆದರೆ ಇದಕ್ಕೊಂದು ಕ್ರೂರ ಮುಖವೂ ಇದೆ. ಕೂಸಿಗೆ ಕಾಯಿಲೆಯಾದಾಗ “ಯಾರ ಕಣ್ಣು?” ಎಂಬ ಪ್ರಶ್ನೆ ಏಳುತ್ತದೆ; ಬೆರಳು ಮಕ್ಕಳಿಲ್ಲದವಳ ಕಡೆಗೆ, ವಿಧವೆಯ ಕಡೆಗೆ, ಬಡ ನೆರೆಯವಳ ಕಡೆಗೆ ತಿರುಗುತ್ತದೆ. ತೊಟ್ಟಿಲಿಗೆ ಹಾಕುವ ದಿನ ಆಕೆಗೆ ಕರೆಯಿಲ್ಲ; ಹಾದಿಯಲ್ಲಿ ಆಕೆ ಬಂದರೆ ಕೂಸಿನ ಮೇಲೆ ಸೆರಗು. ಮಾಡದ ತಪ್ಪಿಗೆ ಜೀವಮಾನದ ಶಿಕ್ಷೆ. ಮೆಚ್ಚಿದವನನ್ನು ದಂಡಿಸದೆ ಹರಸಲು ಕಲಿಸಿದ ಸಹ್ಲನ ಕಥೆಗೂ ಈ ನಡತೆಗೂ ಎಷ್ಟು ದೂರ!

ಒಣಗುವ ಕೂಸು

ಅಮೆರಿಕದ ಜಾನಪದ ವಿದ್ವಾಂಸ ಆಲನ್ ಡಂಡೆಸ್ ನಾನಾ ದೇಶಗಳ ಸಂಗತಿಗಳನ್ನು ಕೂಡಿಸಿ ಒಂದು ವಿಶೇಷವನ್ನು ತೋರಿಸಿದನು. ಕೆಟ್ಟ ಕಣ್ಣು ಮಾಡುವುದೆಲ್ಲ ಒಣಗಿಸುವ ಕೆಲಸ: ತಾಯಿಯ ಹಾಲು ಬತ್ತುತ್ತದೆ, ಆಕಳ ಕೆಚ್ಚಲು ಬತ್ತುತ್ತದೆ, ಹಣ್ಣಿನ ಗಿಡ ಬಾಡುತ್ತದೆ, ಕೂಸು ಸೊರಗುತ್ತದೆ. ಪರಿಹಾರಗಳಲ್ಲಿ ಹಲವು ನೀರಿನವು. ಸಹ್ಲನ ಕಥೆಯಲ್ಲಿಯೂ ನೀರು. ಮಸೀದಿಯ ಬಾಗಿಲಲ್ಲಿಯೂ ನೀರು.

ನಾವು ಇಲ್ಲಿ ತಡೆದು ನಿಲ್ಲಬೇಕು. ಏಕೆಂದರೆ ನದರಿನ ಲಕ್ಷಣಗಳೆಂದು ಹೇಳುವ ಭೇದಿ, ವಾಂತಿ, ಮೊಲೆ ಬಿಡುವುದು, ಸೊರಗುವುದು—ಇವೇ ವೈದ್ಯರು ಅಂಜುವ ಲಕ್ಷಣಗಳು. ಭೇದಿಯಾದ ಕೂಸು ನಿಜವಾಗಿಯೇ ಒಣಗುತ್ತಿರುತ್ತದೆ. ದೇಹದ ನೀರೂ ಲವಣಗಳೂ ಹೊರಟುಹೋಗುತ್ತವೆ. ಕಣ್ಣು ಗುಳಿಬೀಳುತ್ತವೆ, ನಾಲಗೆ ಒಣಗುತ್ತದೆ, ನೆತ್ತಿಯ ಮೆತ್ತನೆಯ ಭಾಗ ಒಳಕ್ಕೆ ಕುಸಿಯುತ್ತದೆ, ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಬೇಗ ಸಮನಾಗುವುದಿಲ್ಲ, ಮೂತ್ರ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಕೆಲವು ತಾಸುಗಳ ವಿಳಂಬವೂ ಪ್ರಾಣಕ್ಕೆ ಎರವಾಗಬಹುದು.

ಮದ್ದು ಮಾತ್ರ ಅತಿ ಸುಲಭವಾದುದು, ಅದೂ ನೀರೇ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೨ರಲ್ಲಿ ಪರಿಷ್ಕರಿಸಿದ ಜೀವಜಲದ ಒಂದು ಲೀಟರಿನಲ್ಲಿ ಅಡಿಗೆ ಉಪ್ಪು ೨.೬ ಗ್ರಾಂ, ಗ್ಲೂಕೋಸು ೧೩.೫ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡು ೧.೫ ಗ್ರಾಂ, ಸೋಡಿಯಂ ಸಿಟ್ರೇಟು ೨.೯ ಗ್ರಾಂ ಇರುತ್ತವೆ. ಕರುಳಿನ ಗೋಡೆಯು ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜತೆಯಾಗಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ ಮಹಲನಬೀಸರು ಕಾಲರಾ ರೋಗಿಗಳಿಗೆ ಇಂಥ ದ್ರಾವಣವನ್ನು ಕುಡಿಸಿ ಅಸಂಖ್ಯಾತ ಪ್ರಾಣಗಳನ್ನು ಉಳಿಸಿದರು. ಇದರ ಪೊಟ್ಟಣವು ಆಶಾ ಕಾರ್ಯಕರ್ತೆಯರಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ದೊರೆಯುತ್ತದೆ. ಅದನ್ನು ಶುದ್ಧವಾದ ನೀರಿನಲ್ಲಿ ಕದಡಿ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು, ಮೊಲೆಹಾಲನ್ನು ನಿಲ್ಲಿಸಕೂಡದು.

ಕೂಸು ಮಂಕಾಗಿ ಏಳದಿದ್ದರೆ, ಏನನ್ನೂ ಕುಡಿಯಲಾರದಿದ್ದರೆ, ಸೆಳವು ಬಂದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಸಿರನ್ನೂ ಎಣಿಸಬಹುದು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ ೬೦, ಒಂದು ವರ್ಷದೊಳಗೆ ೫೦, ಐದು ವರ್ಷದೊಳಗೆ ೪೦—ಇಷ್ಟಾದರೆ, ಅಥವಾ ಇದನ್ನು ಮೀರಿದರೆ ಅದು ಪುಪ್ಪುಸದ ರೋಗದ ಸೂಚನೆ.

ಇನ್ನೊಂದು ಎಚ್ಚರಿಕೆ. ನದರಿಗೆಂದು ಕೂಸಿನ ಕಣ್ಣಿಗೆ ಹಚ್ಚುವ ಅಂಗಡಿಯ ಸುರ್ಮಾದಲ್ಲಿ ಅನೇಕ ವೇಳೆ ಸೀಸದ ಸಲ್ಫೈಡ್ ಇರುತ್ತದೆ. ಕೂಸು ಕಣ್ಣುಜ್ಜಿ ಬೆರಳನ್ನು ಬಾಯಿಗಿಡುತ್ತದೆ. ಸೀಸವು ರಕ್ತಕ್ಕೆ ಸೇರಿ ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ. ಕಾಣದ ಕೇಡನ್ನು ತಡೆಯಲು ಹೋಗಿ ನಿಜವಾದ ವಿಷವನ್ನು ಹಚ್ಚಿದಂತಾಗುತ್ತದೆ.

ಔಷಧವೂ ಹರಕೆಯೂ

ದೊಡ್ಡವರ ಮನೋರೋಗಗಳನ್ನೂ ನದರೆಂದೋ ಮಾಟವೆಂದೋ ತಿಳಿದು ವರ್ಷಗಟ್ಟಲೆ ಅಲೆಯುವವರುಂಟು. ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯಗೃಹವೊಂದಕ್ಕೆ ೨೦೦೧ರ ಆಗಸ್ಟ್ ೬ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ೨೮ ಮಂದಿ ರೋಗಿಗಳು ಪ್ರಾಣ ಕಳೆದುಕೊಂಡರು. ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ. ಇನ್ನೊಂದು ದಾರಿಯನ್ನು ಗುಜರಾತದ ಉನಾವಾ ಗ್ರಾಮದ ಮೀರಾದಾತಾರ್ ದರ್ಗಾ ತೋರಿಸಿದೆ. ೨೦೦೮ರಿಂದ ಅಲ್ಲಿ ‘ದವಾ-ದುವಾ’ ಎಂಬ ಕಾರ್ಯಕ್ರಮವು ಮೊದಲಾಗಿ, ಹರಕೆಗೆಂದು ಬಂದವರನ್ನು ಮುಜಾವರರೇ ವೈದ್ಯರ ಬಳಿಗೆ ಕಳುಹತೊಡಗಿದರು. ನಮ್ಮ ಜಿಲ್ಲೆಗೆ ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆಯಿದೆ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮಸೀದಿಯ ಬಾಗಿಲಿಗೂ ಆಸ್ಪತ್ರೆಯ ಬಾಗಿಲಿಗೂ ನಡುವೆ ಹಾದಿಯೊಂದು ಬೀಳಬೇಕಾಗಿದೆ.

ಈ ಹಾದಿಗೆ ಧರ್ಮವು ಅಡ್ಡಿಯಲ್ಲ. ಮದ್ದಿಲ್ಲದ ರೋಗವನ್ನು ದೇವರು ಸೃಷ್ಟಿಸಿಲ್ಲ, ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂಬ ಅರ್ಥದ ಪೈಗಂಬರರ ಮಾತನ್ನು ಮುಸಲ್ಮಾನರೆಲ್ಲರೂ ಬಲ್ಲರು. ಹರಸುವ ಹಿರಿಯರ ಉಸಿರಿಗೆ ರೋಗಾಣುವನ್ನು ಕೊಲ್ಲುವ ಶಕ್ತಿಯಿಲ್ಲ. ಆದರೆ ಅವರ ಮಾತಿಗೆ ತಾಯಿಯ ಕಾಲನ್ನು ನಡೆಸುವ ಶಕ್ತಿಯುಂಟು. ಕೂಸಿನ ನಾಲಗೆ ಒಣಗಿರುವುದನ್ನು ಕಂಡು ಅವರು, “ತಂಗಿ, ಓದಿ ಊದಿದೆ. ಈಗ ತಡಾ ಮಾಡಬ್ಯಾಡವ್ವಾ, ದವಾಖಾನಿಗೆ ನಡಿ” ಎಂದರೆ ಸಾಕು. ಆ ನುಡಿಯನ್ನು ಆಕೆ ಯಾವ ವೈದ್ಯನ ನುಡಿಗಿಂತಲೂ ಮೊದಲು ಕೇಳುತ್ತಾಳೆ. ಊರಿನ ಓದಿದ ಹುಡುಗ ಹುಡುಗಿಯರು ಆಕೆಯನ್ನು ನೋಡಿ ನಗದೆ, ಆಕೆಯ ತಂಬಿಗೆಯ ನೀರಿಗೆ ಜೀವಜಲದ ಪೊಟ್ಟಣವನ್ನು ಕದಡಿಕೊಡುವಂತಾದರೆ, ಕೂಸು ಉಳಿಯುತ್ತದೆ.